ಓದುಗರ ಪ್ರಶ್ನೆ: ಮಾಫಿ ಕೊಡುವ ಹಕ್ಕು ಯಾರದ್ದು?

ಪ್ರಶ್ನೆ: ಸೌದಿಯಲ್ಲಿ ಕೊಲೆಯಾದವರ ಮನೆಯವರು ಮಾಫಿ ಕೊಟ್ಟರೂ ಅಪರಾಧಿ ಜೈಲಿನಲ್ಲೇ ಇರುವುದೇಕೆ? ಮನೆಯ ಹಿರಿಮಗ ಒಬ್ಬನೇ ಕ್ಷಮಿಸಿದರೆ ಸಾಕೆ?
– ಓದುಗರು, ಉಳ್ಳಾಲ

ಉತ್ತರ: ಹಿರಿಮಗನೇ ಆಗಬೇಕೆಂದಿಲ್ಲ. ನಮ್ಮ ಬ್ಯಾರಿಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲೂ (ಇಸ್ಲಾಮಿ ಕಾನೂನಿನ ಪಂಥ) ಸೌದಿ ನ್ಯಾಯಾಲಯಗಳು ಹೆಚ್ಚಾಗಿ ಆಧರಿಸುವ ಹಂಬಲಿಯಲ್ಲೂ ಖಿಸಾಸ್ (ಪ್ರಾಣಕ್ಕೆ ಪ್ರಾಣ) ಎಲ್ಲ ವಾರಸುದಾರರ ಹಕ್ಕು; ಹೆಂಡತಿ, ತಾಯಿ, ಹೆಣ್ಣುಮಕ್ಕಳೂ ಅದರಲ್ಲಿ ಸೇರಿದ್ದಾರೆ. ಪ್ರಾಯಕ್ಕೆ ಬಂದ ಒಬ್ಬರು ಮಾಫಿ ಮಾಡಿದರೂ ಸಾಕು, ಗಲ್ಲು ತಪ್ಪುತ್ತದೆ. ಉಳಿದವರಿಗೆ ದಿಯತ್‌ನಲ್ಲಿ (ಪ್ರಾಣಕ್ಕೆ ಬದಲಾಗಿ ಕೊಡುವ ಪರಿಹಾರ ಹಣ) ತಮ್ಮ ಪಾಲು ಉಂಟು. ಸಮಸ್ಯೆ ಬರುವುದು ವಾರಸುದಾರರಲ್ಲಿ ಮಗುವಿದ್ದಾಗ. ದೊಡ್ಡವರು ಯಾರೂ ಮಾಫಿ ಮಾಡದಿದ್ದರೆ ಆ ಮಗು ಪ್ರಾಯಕ್ಕೆ ಬರುವವರೆಗೆ ಕಾಯಬೇಕು, ಅಪರಾಧಿ ಅಷ್ಟು ವರ್ಷ ಜೈಲಿನಲ್ಲಿ.

ಮಾಫಿಪತ್ರದ ಒಕ್ಕಣೆ ಬಹಳ ಮುಖ್ಯ. ಹಣದ ಮಾತಿಲ್ಲದೆ ‘ಖಿಸಾಸ್ ಬಿಟ್ಟೆ’ ಎಂದಷ್ಟೇ ಬರೆದರೆ ಶಾಫಿಈ ಪ್ರಬಲ ಅಭಿಪ್ರಾಯದಂತೆ ದಿಯತ್ ಇಲ್ಲ, ಹಂಬಲಿಯಂತೆ ಇದೆ. ಆದ್ದರಿಂದ ಪುಕ್ಕಟೆ ಮಾಫಿಯೋ ಹಣಕ್ಕೋ, ಹಣವಾದರೆ ಎಷ್ಟು, ಎಷ್ಟು ದಿನದೊಳಗೆ ಎಂಬುದನ್ನೆಲ್ಲ ನ್ಯಾಯಾಧೀಶರ ಮುಂದೆಯೇ ದಾಖಲಿಸಬೇಕು. ಕೊಟ್ಟ ಮಾಫಿಯನ್ನು ಆಮೇಲೆ ಹಿಂದಕ್ಕೆ ಪಡೆಯಲಾಗದು.

ದಿಯತ್ ಎಂದರೆ ಮೂಲದಲ್ಲಿ 100 ಒಂಟೆ. ಸೌದಿಯಲ್ಲಿ 2011ರಲ್ಲಿ ಮುಸ್ಲಿಂ ಪುರುಷನಿಗೆ ಕೈತಪ್ಪಿ ಆದ ಸಾವಿಗೆ 3 ಲಕ್ಷ, ಉದ್ದೇಶಪೂರ್ವಕ ಕೊಲೆಗೆ 4 ಲಕ್ಷ ರಿಯಾಲ್ ಎಂದು ನಿಗದಿಯಾಯಿತು, ಹೆಂಗಸಿಗೆ ಅರ್ಧ. ಹಣ ಹಂಚುವುದು ಆಸ್ತಿಯ ಲೆಕ್ಕದಲ್ಲೇ. 3 ಲಕ್ಷಕ್ಕೆ ಹೆಂಡತಿ, ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರೆ ಹೆಂಡತಿಗೆ ಎಂಟನೇ ಒಂದು, 37,500. ತಂದೆ, ತಾಯಿಗೆ ಆರನೇ ಒಂದರಂತೆ ತಲಾ 50,000. ಉಳಿದದ್ದರಲ್ಲಿ ಗಂಡುಮಕ್ಕಳಿಗೆ ತಲಾ 65,000, ಮಗಳಿಗೆ 32,500. ತಾಯಿ ಪುಕ್ಕಟೆ ಬಿಟ್ಟುಕೊಟ್ಟರೆ ಹೋಗುವುದು ಅವರ 50,000 ಮಾತ್ರ.

ಕೊಲೆಯಲ್ಲಿ ರಾಜಿಯ ಮೊತ್ತ ಇದಕ್ಕಿಂತ ಎಷ್ಟೂ ಹೆಚ್ಚಿರಬಹುದು. ಸೌದಿಯಲ್ಲಿ ಗಲ್ಲುಶಿಕ್ಷೆಗೆ ಗುರಿಯಾಗಿದ್ದ ಕೋಳಿಕ್ಕೋಡಿನ ಚಾಲಕರೊಬ್ಬರಿಗಾಗಿ 2024ರಲ್ಲಿ ಜನ ಸುಮಾರು 34 ಕೋಟಿ ರೂಪಾಯಿ, ಅಂದರೆ ಒಂದೂವರೆ ಕೋಟಿ ರಿಯಾಲ್ ಕೂಡಿಸಿದ್ದು ನೆನಪಿರಬಹುದು. ಜುಲೈಯಲ್ಲಿ ಗಲ್ಲು ರದ್ದಾಯಿತು, ಬಿಡುಗಡೆ ಆಗಲಿಲ್ಲ; 2025ರ ಮೇಯಲ್ಲಿ 20 ವರ್ಷ ಜೈಲು ವಿಧಿಸಲಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ: ಮನೆಯವರು ಬಿಡುವುದು ಖಾಸಗಿ ಹಕ್ಕನ್ನು, ಸಾರ್ವಜನಿಕ ಹಕ್ಕು (ಸಮಾಜದ ಪರವಾಗಿ ಶಿಕ್ಷಿಸುವ ಹಕ್ಕು) ಸರಕಾರದ ಕೈಯಲ್ಲೇ ಇರುತ್ತದೆ. ಹಣ ಕೂಡಿಸುವವರು ಇದನ್ನು ಮೊದಲೇ ಜನರಿಗೆ ಹೇಳುವುದು ಒಳ್ಳೆಯದು.

ಪ್ರಶ್ನೆ: ಉಡುಪಿಯಲ್ಲೇ ಇಂಥದ್ದಾಗಿ, ಜಮಾಅತ್ ಮುಂದೆ ಮಾಫಿ ಕೊಟ್ಟರೆ ಕೇಸು ಮುಗಿಯುತ್ತದೆಯೇ?
– ಓದುಗರು, ಕಾಪು

ಉತ್ತರ: ಇಲ್ಲ. ಭಾರತದಲ್ಲಿ ಅಪರಾಧಕ್ಕೆ ಎಲ್ಲರಿಗೂ ಒಂದೇ ಕಾನೂನು. ಕೊಲೆ (ಭಾರತೀಯ ನ್ಯಾಯ ಸಂಹಿತೆ, ಕಲಂ 103) ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲೇ ಇಲ್ಲ. ಆ ಪಟ್ಟಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಲ್ಲಿದೆ. ಮನಸ್ಸಿನಿಂದ ಕ್ಷಮಿಸಲು ಯಾರ ಅಡ್ಡಿಯೂ ಇಲ್ಲ, ಆದರೆ ಹಣ ಪಡೆದು ಸಾಕ್ಷಿ ತಿರುಗಿಸಿದರೆ ಅದು ಬೇರೆಯೇ ಅಪರಾಧ.