ಅಪ್ಪ ಅಮ್ಮ ಇಬ್ಬರಿಗೂ ಬಿ.ಪಿ. ಇದ್ದರೆ ನನಗೂ ಬಂದೇ ಬರುತ್ತದೆಯೇ?

ನಿಮ್ಮ ತಂದೆ ತಾಯಿ ಇಬ್ಬರಿಗೂ ಅಧಿಕ ರಕ್ತದೊತ್ತಡವಿದೆ, ನಿಮಗೀಗ 31 ವರ್ಷ, ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದಕ್ಕೆ ಉಪ್ಪು ಕಡಿಮೆ ಮಾಡಿ ಏನು ಸಿಕ್ಕೀತು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದವನು ನಾನು. ಖಂಡಿತ ಪ್ರಯೋಜನವಿದೆ.

ನಾನೂ ನನ್ನ ತಮ್ಮನೂ ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡು ಬೆಳೆದವರು. ಒಂದೇ ದಿನ ಅಳೆಸಿಕೊಂಡಾಗ ಅವನದು 118/76, ನನ್ನದು 148/94. ದಾದಿ ನನ್ನನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಮತ್ತೆ ತೋಳಿಗೆ ಪಟ್ಟಿ ಸುತ್ತಿದರು. ಅಂಕಿ ಹೆಚ್ಚೇನೂ ಇಳಿಯಲಿಲ್ಲ. ಅದೇ ತಂದೆ ತಾಯಿಯ ಜೀನ್‌ಗಳು ಇಬ್ಬರಿಗೂ ಬೇರೆ ಬೇರೆಯಾಗಿ ಹಂಚಿಹೋಗಿದ್ದವು.

ಲಿಡಲ್ ಸಿಂಡ್ರೋಮ್‌ನಂಥ ಅಪರೂಪದ ಕಾಯಿಲೆಗಳಲ್ಲಿ ಮಾತ್ರ ಒಂದೇ ಜೀನ್‌ನ ದೋಷ ಒತ್ತಡವನ್ನು ಏರಿಸಿಬಿಡುತ್ತದೆ. ಉಳಿದವರಲ್ಲಿ ಸಾವಿರಕ್ಕೂ ಹೆಚ್ಚು ಜೀನ್ ತಾಣಗಳು, ಅಂದರೆ ಡಿಎನ್‌ಎಯಲ್ಲಿನ ನಿರ್ದಿಷ್ಟ ಜಾಗಗಳು, ಪಾತ್ರ ವಹಿಸುತ್ತವೆ. ಸಾಮಾನ್ಯವಾಗಿ ಒಂದೊಂದರ ಪ್ರಭಾವ ಒಂದು ಮಿಲಿಮೀಟರ್ ಪಾದರಸದಷ್ಟೂ, ಅಂದರೆ ಬಿ.ಪಿ. ಅಂಕಿಯಲ್ಲಿ ಒಂದರಷ್ಟೂ, ಇರುವುದಿಲ್ಲ. ಅವುಗಳಲ್ಲಿ ಕೆಲವು ಮಾಡುವ ಕೆಲಸವೆಂದರೆ ಉಪ್ಪು, ತೂಕ, ಮದ್ಯ ಇವುಗಳಿಗೆ ನಿಮ್ಮ ಮೈ ಎಷ್ಟು ಬೇಗ ಮಣಿಯುತ್ತದೆ ಎಂಬುದನ್ನು ಹೆಚ್ಚುಕಡಿಮೆ ಮಾಡುವುದು.

ಇದನ್ನು ನನಗೆ ಮನದಟ್ಟು ಮಾಡಿದ್ದು ಇಲಿಗಳು. 1960ರ ದಶಕದಲ್ಲಿ ಅಮೆರಿಕದ ಸಂಶೋಧಕ ಲೂಯಿಸ್ ಡಾಲ್ ಎರಡು ತಳಿಯ ಇಲಿಗಳನ್ನು ಬೆಳೆಸಿದರು. ಹೆಚ್ಚು ಉಪ್ಪಿನ ಆಹಾರ ಕೊಟ್ಟರೆ ಒಂದು ತಳಿಯ ಒತ್ತಡ ವಿಪರೀತ ಏರುತ್ತಿತ್ತು, ಇನ್ನೊಂದರದು ಅಲುಗುತ್ತಿರಲಿಲ್ಲ. ಮುಂದೆ ಒಂದು ತಳಿಯ ಮೂತ್ರಪಿಂಡವನ್ನು ಇನ್ನೊಂದಕ್ಕೆ ಕಸಿ ಮಾಡಿ ನೋಡಿದರು. ಒತ್ತಡವೂ ಮೂತ್ರಪಿಂಡದ ಜೊತೆಗೇ ಹೋಯಿತು. ಉಪ್ಪಿನಲ್ಲಿರುವ ಸೋಡಿಯಂ ಅನ್ನು ಹೊರಹಾಕಲು ತಡಮಾಡುವ ಮೂತ್ರಪಿಂಡ ಹುಟ್ಟಿನಿಂದ ಬಂದದ್ದು, ಆದರೆ ಅದರ ಮುಂದೆ ಉಪ್ಪು ಸುರಿದಾಗಲೇ ಅದರ ದೌರ್ಬಲ್ಯ ಬಯಲಾಗುವುದು. ಅಮೆಜಾನ್ ಕಾಡಿನ ಯಾನೊಮಾಮಿ ಜನರ ಆಹಾರದಲ್ಲಿ ಉಪ್ಪು ಬಹುಪಾಲು ಇಲ್ಲವೇ ಇಲ್ಲ. ವಯಸ್ಸಾದಂತೆ ಒತ್ತಡ ಏರುವುದು ಸಹಜವೆಂದು ನಾವು ತಿಳಿದಿದ್ದೇವೆ. ಅವರಲ್ಲಿ ಅದು ಏರುವುದಿಲ್ಲ. ಅವರ ಬದುಕಿನಲ್ಲಿ ಬೊಜ್ಜೂ ಅಪರೂಪ, ಮದ್ಯವೂ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನೂ ಸೇರಿಸಿ ಹೇಳಬೇಕು.

ಹಾಗಾಗಿ "ನಮ್ಮ ವಂಶದಲ್ಲೇ ಇದೆ, ಬಿಡಿ" ಎಂಬ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ವಂಶದಲ್ಲಿ ಇದೆಯೆಂದರೆ ಇತರರಿಗಿಂತ ಮೊದಲೇ ಅಳೆಸಿಕೊಳ್ಳಲು ಶುರುಮಾಡಬೇಕು ಎಂದರ್ಥ.

ನಾನು ಉಪ್ಪು ಇಳಿಸಿದೆ, ದಿನವೂ ನಡೆದೆ, ಆರು ಕಿಲೋ ತೂಕ ಕಳೆದುಕೊಂಡೆ. ನಾಲ್ಕು ತಿಂಗಳಿಗೆ ಅಂಕಿ 136/86ಕ್ಕೆ ಬಂತು. ಅದು ಸಾಲದೆ ವೈದ್ಯರು ಸಣ್ಣ ಪ್ರಮಾಣದ ಮಾತ್ರೆಯೊಂದನ್ನು ಬರೆದುಕೊಟ್ಟರು. ಅದನ್ನು ಸೋಲೆಂದು ನಾನು ಭಾವಿಸಿಲ್ಲ, ನೀವೂ ಭಾವಿಸಬೇಡಿ. ನಿಮಗೆ ಒಡಹುಟ್ಟಿದವರಿದ್ದರೆ ಅವರನ್ನೂ ಅಳೆಸಿಕೊಳ್ಳಲು ಕರೆದುಕೊಂಡು ಹೋಗಿ. ತಮ್ಮನ ಅಂಕಿ ನೋಡಿ ನಿಶ್ಚಿಂತೆಯಿಂದಿದ್ದ ನನ್ನ ಅಕ್ಕ ಎರಡು ವರ್ಷ ತಡಮಾಡಿ ಅಳೆಸಿಕೊಂಡಳು, ಅವಳದು ನನ್ನದಕ್ಕಿಂತ ಹೆಚ್ಚಿತ್ತು.