ಮಕ್ಕಳ ಮನಸ್ಸು ಓದಲು ಇಂಗ್ಲೆಂಡಿಗೆ ಹೊರಟ ತೀರ್ಥಹಳ್ಳಿಯ ತಂಗಿಗೆ

ತಂಗಿ, ನಿನ್ನ ಪತ್ರ ಓದಿ ತುಂಬಾ ಖುಷಿಯಾಯಿತು. ತೀರ್ಥಹಳ್ಳಿಯ ಹುಡುಗಿಯೊಬ್ಬಳು ಡೆವಲಪ್‌ಮೆಂಟಲ್ ಸೈಕಾಲಜಿ, ಅಂದರೆ ಮಕ್ಕಳ ಮನಸ್ಸು ಬೆಳೆಯುವ ಬಗೆಯನ್ನು, ಓದಲು ಹೊರಟಿದ್ದಾಳೆ ಅಂದರೆ ಸಾಗರದವಳಾದ ನನಗೆ ಹೆಮ್ಮೆ ಆಗದೇ ಇರುತ್ತದಾ? ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಓದು ಹೇಗಿರುತ್ತದೆ, ಮುಗಿದ ಮೇಲೆ ಮಕ್ಕಳ ಸೈಕಾಲಜಿಸ್ಟ್ ಆಗಬಹುದಾ, ಅಪ್ಪ ತೋಟದ ಮೇಲೆ ಸಾಲ ಎತ್ತಬಹುದಾ ಅಂತ ಕೇಳಿದ್ದೀಯ. ಕೆಲಸದ ವಿಷಯ ಮೊದಲು ಹೇಳುತ್ತೇನೆ. ಸಾಲದ ಉತ್ತರವೂ ಅದರಲ್ಲೇ ಇದೆ.

ಆ ಎಂ.ಎಸ್ಸಿ. ಒಂದರಿಂದಲೇ ಇಲ್ಲಿ ಸೈಕಾಲಜಿಸ್ಟ್ ಆಗಲು ಬರುವುದಿಲ್ಲ. ಎಜುಕೇಶನಲ್ ಸೈಕಾಲಜಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಹೆಸರುಗಳನ್ನು ಕಾನೂನು ಕಾಯುತ್ತದೆ. ಎಚ್‌ಸಿಪಿಸಿ ಅನ್ನುವ ಸಂಸ್ಥೆಯಲ್ಲಿ ನೋಂದಣಿ ಆಗದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಸಾಮಾನ್ಯವಾಗಿ ಇನ್ನೂ 3 ವರ್ಷದ ಡಾಕ್ಟರೇಟ್ ಬೇಕು. ಡಾಕ್ಟರೇಟ್‌ಗೆ ಸೇರಲು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ಬೇಕು, ಅದನ್ನು ಎಲ್ಲರೂ ಜಿಬಿಸಿ ಅನ್ನುತ್ತಾರೆ. ನಿನ್ನ ಬಿ.ಎ.ಯಲ್ಲಿ ಸೈಕಾಲಜಿ ಮೂರು ವಿಷಯಗಳಲ್ಲಿ ಒಂದು. ಅಷ್ಟು ಸಾಲದೇ ಹೋಗಬಹುದು. ಅಂಥವರಿಗೆ ಕನ್ವರ್ಷನ್ ಕೋರ್ಸ್ ಅಂತಲೇ ಬೇರೆ ಇದೆ. ಫೀಸ್ ಕಟ್ಟುವ ಮೊದಲು "ಈ ಕೋರ್ಸ್‌ನಿಂದ ಜಿಬಿಸಿ ಸಿಗುತ್ತದಾ" ಅಂತ ಯೂನಿವರ್ಸಿಟಿಗೆ ಇಮೇಲ್ ಮಾಡಿ ಉತ್ತರ ತರಿಸಿಕೋ. ಏಜೆಂಟ್ ಬಾಯಿಮಾತು ನಂಬಬೇಡ.

ಊರಿಗೆ ಮರಳಿ ಶಿವಮೊಗ್ಗದಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಡುವುದೇ ನಿನ್ನ ಆಸೆಯಾ? ಹಾಗಿದ್ದರೆ ಇಷ್ಟು ದೂರ ಬರುವುದು ಬೇಡ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಒಪ್ಪಿದ ತರಬೇತಿ ಬೇಕು. ಈ ಎಂ.ಎಸ್ಸಿ. ಅದಲ್ಲ. ಬೆಂಗಳೂರಿನ ನಿಮ್ಹಾನ್ಸ್ ದಾರಿಯೇ ಹತ್ತಿರ. ಮಾತು ಬಾರದ ಮಕ್ಕಳ ಕೆಲಸ ಇಷ್ಟ ಅಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಮಗು ಹೇಗೆ ಕಲಿಯುತ್ತದೆ, ಹೇಗೆ ಬೆಳೆಯುತ್ತದೆ ಅನ್ನುವ ಪ್ರಶ್ನೆಯೇ ನಿನ್ನನ್ನು ಕಾಡುತ್ತಿದ್ದರೆ ಮಾತ್ರ ಬಾ. ಆಗ ಈ ಓದಿನಷ್ಟು ಸೊಗಸಾದದ್ದು ಇನ್ನೊಂದಿಲ್ಲ. ನಾನು ಕೆಲಸ ಮಾಡುವುದು ಶಿಶುಗಳ ಲ್ಯಾಬಿನಲ್ಲಿ. ಆರು ತಿಂಗಳ ಕೂಸು ಅಮ್ಮನ ತೊಡೆಯ ಮೇಲೆ ಕೂತು ಪರದೆ ನೋಡುತ್ತದೆ. ಯಾವ ಚಿತ್ರವನ್ನು ಎಷ್ಟು ಹೊತ್ತು ನೋಡಿತು ಅಂತ ಕ್ಯಾಮೆರಾ ಅಳೆಯುತ್ತದೆ. ಮಾತಾಡದ ಮಗುವಿನ ಮನಸ್ಸು ತಿಳಿಯಲು ಅದರ ನೋಟವೇ ನಮಗೆ ಸಾಕ್ಷಿ. ಅಮ್ಮ ಗೊತ್ತಿಲ್ಲದೇ ಸುಳಿವು ಕೊಡಬಾರದು ಅಂತ ಎಷ್ಟೋ ಸಲ ಅವರ ಕಣ್ಣಿಗೂ ಮರೆ ಕಟ್ಟುತ್ತೇವೆ. ಕೂಸು ಅತ್ತರೆ, ನಿದ್ದೆ ಹೋದರೆ ಅವತ್ತಿನ ಲೆಕ್ಕ ಬಿಟ್ಟೆವು. ಇದಕ್ಕೆಲ್ಲ ತಾಳ್ಮೆ ಬೇಕು, ಅಂಕಿಅಂಶವೂ ಬೇಕು. ಮೊದಲ ಟರ್ಮ್‌ನಲ್ಲಿ ಮಕ್ಕಳಿಗಿಂತ ಜಾಸ್ತಿ ಸ್ಟ್ಯಾಟಿಸ್ಟಿಕ್ಸ್ ಇರುತ್ತದೆ. ಆರ್ ಅನ್ನುವ ಸಾಫ್ಟ್‌ವೇರ್ ಉಚಿತ, ಇವತ್ತೇ ಹಾಕಿಕೊಂಡು ಶುರು ಮಾಡು.

ಇಲ್ಲಿ ಓದುವ ಸಿದ್ಧಾಂತಗಳ ಎದುರು ನಮ್ಮ ಮಲೆನಾಡಿನ ಮಕ್ಕಳನ್ನು ನಿಲ್ಲಿಸಿ ನೋಡು. ಮೇರಿ ಐನ್ಸ್‌ವರ್ತ್ ಅನ್ನುವ ಸೈಕಾಲಜಿಸ್ಟ್ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ಗಮನಿಸಿ, ಆಮೇಲೆ ಅಮೆರಿಕದಲ್ಲಿ ಒಂದು ಪರೀಕ್ಷೆ ರೂಪಿಸಿದರು. ಸುಮಾರು ಒಂದು ವರ್ಷದ ಮಗು, ಹೊಸ ಕೋಣೆ. ಅಮ್ಮ ಕೆಲವು ನಿಮಿಷ ಹೊರಗೆ ಹೋಗಿ ಬರುತ್ತಾಳೆ. ಬಂದಾಗ ಮಗು ಏನು ಮಾಡುತ್ತದೆ ಅನ್ನುವುದರಿಂದ ಅವರಿಬ್ಬರ ನಂಟನ್ನು ಅಳೆಯುತ್ತಾರೆ. ಜಪಾನಿನಲ್ಲಿ ಇದನ್ನೇ ಮಾಡಿದಾಗ ಕೆಲವು ಮಕ್ಕಳು ಸಮಾಧಾನವೇ ಆಗದಷ್ಟು ಅತ್ತವು. ಅಮ್ಮನನ್ನು ಬಿಟ್ಟಿದ್ದು ಗೊತ್ತೇ ಇಲ್ಲದ ಕೂಸುಗಳಿಗೆ ಪರೀಕ್ಷೆಯೇ ಅತಿಯಾಯಿತು ಅಂತ ಅಲ್ಲಿನ ಸಂಶೋಧಕರು ವಾದಿಸಿದರು. ನಮ್ಮ ಕಡೆ ಕೂಡುಕುಟುಂಬದ ಮಗು ಬೆಳಿಗ್ಗೆ ಅಜ್ಜಿಯ ಸೊಂಟದ ಮೇಲೆ, ಮಧ್ಯಾಹ್ನ ದೊಡ್ಡಮ್ಮನ ಹತ್ತಿರ. ಅಡಿಕೆ ಸುಲಿಯುವ ಕಾಲದಲ್ಲಂತೂ ಅಂಗಳದಲ್ಲಿ ಕೂತ ಯಾರ ಮಡಿಲಾದರೂ ಸೈ. ಅಮ್ಮ ಎದ್ದು ಹೋದರೂ ಅದು ಅಳದೇ ಇರಬಹುದು. ಅದನ್ನು ನಂಟು ಕಡಿಮೆ ಅಂತ ಬರೆದುಕೊಳ್ಳುವುದು ಸರಿಯಾ? ಇದನ್ನು ನಿನ್ನಂಥವಳು ಕ್ಲಾಸಿನಲ್ಲಿ ಕೇಳಬೇಕು.

ಓದು ಬರಹದ ಕಲಿಕೆಯೂ ಹಾಗೇ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ತರಗತಿ ಮಕ್ಕಳಿಗೆ 40 ಪದ ಓದಿಸಿ, ಅಕ್ಷರ ಕೂಡಿಸಿ ಓದಲು ಬರುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ಅವುಗಳಲ್ಲಿ ಅರ್ಧ ಅರ್ಥವೇ ಇಲ್ಲದ ಪದಗಳು. ಕನ್ನಡದ ಮಗುವಿಗೆ ಸ್ವರ ವ್ಯಂಜನ ಮುಗಿದರೂ ಕಾಗುಣಿತ, ಒತ್ತಕ್ಷರ ಕಾದಿರುತ್ತವೆ. ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡದ ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೂ ಸಾಗುವುದು ಕಂಡಿತು. ಎರಡನೇ ತರಗತಿಯಲ್ಲಿ ಒತ್ತಕ್ಷರ ತಡವರಿಸುವ ಮಗುವನ್ನು ದಡ್ಡ ಅನ್ನುವವರಿಗೆ ಇದು ಗೊತ್ತಾಗಲೇಬೇಕು, ಅಲ್ವಾ? ಅದಕ್ಕೇ ಹೊರಡುವ ಮೊದಲು ಕೆಲವು ವಾರ ನಿಮ್ಮೂರಿನ ಅಂಗನವಾಡಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಕೂತು ನೋಡು. ಮನೆಯಲ್ಲಿ ಕೊಂಕಣಿ, ಬ್ಯಾರಿ, ಲಂಬಾಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಅಲ್ಲಿ ಸಿಗುತ್ತಾರೆ. ನಿನ್ನ ಪ್ರಬಂಧದ ವಿಷಯ ಅಲ್ಲಿಂದಲೇ ಬರಲಿ.

ಬದುಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಗುಂಬೆ ಮಳೆ ಕಂಡವಳಿಗೆ ಇಲ್ಲಿನ ಮಳೆ ಲೆಕ್ಕಕ್ಕಿಲ್ಲ. ಕಷ್ಟ ಕೊಡುವುದು ಡಿಸೆಂಬರಿನ ಕತ್ತಲೆ. ನಾನಿರುವ ಯಾರ್ಕ್‌ಶೈರ್‌ನಲ್ಲಿ ಸಂಜೆ 4 ಆಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಬೇಸಿಗೆಯಲ್ಲಿ ಪೂರ್ತಿ ದುಡಿಯಬಹುದು ಅಂತ ಲೆಕ್ಕ ಹಾಕಬೇಡ, ಎಂ.ಎಸ್ಸಿ.ಯವರಿಗೆ ಅದು ಪ್ರಬಂಧ ಬರೆಯುವ ಕಾಲ.

ಇನ್ನು ಸಾಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವ ವೀಸಾ ಈಗ 2 ವರ್ಷದ್ದು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಆ ಹೊತ್ತಿನಲ್ಲಿ ಶಾಲೆಯ ಸಹಾಯಕಿಯ ಕೆಲಸ ಸಿಕ್ಕರೂ ಆ ಸಂಬಳದಿಂದ ಸಾಲ ತೀರುವುದಿಲ್ಲ. ಎಲೆಚುಕ್ಕಿ ರೋಗ ತೋಟಗಳನ್ನು ಹಿಂಡುತ್ತಿರುವ ಕಾಲದಲ್ಲಿ ಅಪ್ಪನ ತೋಟ ಅಡವಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್‌ಗೆ ಮೊದಲು ಪ್ರಯತ್ನಿಸು. ಅಮೆರಿಕದ ಪಿಎಚ್‌.ಡಿ.ಯನ್ನೂ ನೋಡು. ಅದು ಐದಾರು ವರ್ಷ ಹಿಡಿಯುತ್ತದೆ, ಆದರೆ ಸಾಮಾನ್ಯವಾಗಿ ಫೀಸ್ ಇಲ್ಲ, ಖರ್ಚಿಗೂ ಹಣ ಕೊಡುತ್ತಾರೆ. ಸೀಟನ್ನು ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳಬಹುದಾ ಅಂತಲೂ ಅದೇ ಇಮೇಲ್‌ನಲ್ಲಿ ಕೇಳು. ಉತ್ತರ ಬಂದ ಕೂಡಲೇ ನನಗೆ ಕಳಿಸು. ಅಪ್ಪನ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ, ಅವರಿಗೆ ಬಿಡುವು ಯಾವಾಗ ಅಂತ ತಿಳಿಸು.