ಅಬ್ರಹಾಮ ಬ್ರಹ್ಮನಲ್ಲ, ಆದರೂ ಈ ಲೇಖನ ಮತ್ತೆ ಬರೆಯಿರಿ

ಪ್ರಿಯ ಲೇಖಕರೇ,

‘ಯೆಹೂದಿ ಧರ್ಮದ ಬೇರು ಭಾರತದಲ್ಲಿ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಒಂದು ಸಾಲಿನ ಚೀಟಿ ಇಟ್ಟು ಹಿಂದಿರುಗಿಸಬಹುದಿತ್ತು, ಮನಸ್ಸು ಬರಲಿಲ್ಲ. ನೀವು ಸಾಕಷ್ಟು ಓದಿದ್ದೀರಿ, ವಿಷಯದ ಮೇಲೆ ನಿಜವಾದ ಪ್ರೀತಿಯೂ ಇದೆ. ಆದರೆ ಓದಿದ್ದನ್ನು ತೂಗಿ ನೋಡಿಲ್ಲ. ಆದ್ದರಿಂದ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ.

ನಿಮ್ಮ ಅತ್ಯಂತ ಬಲವಾದ ಸಾಕ್ಷಿಯಿಂದಲೇ ಶುರುಮಾಡೋಣ. ‘ಯೆಹೂದಿಗಳು ಭಾರತದ ತತ್ತ್ವಜ್ಞಾನಿಗಳ ಸಂತತಿ ಎಂದು ಅರಿಸ್ಟಾಟಲನೇ ಹೇಳಿದ್ದಾನೆ’ ಎನ್ನುತ್ತೀರಿ. ನಮಗೆ ಉಳಿದು ಬಂದಿರುವ ಅರಿಸ್ಟಾಟಲನ ಕೃತಿಗಳಲ್ಲಿ ಈ ಮಾತಿಲ್ಲ. ಇದು ಸಿಗುವುದು ಜೋಸೆಫಸ್ ಎಂಬ ಯೆಹೂದಿ ಇತಿಹಾಸಕಾರನಲ್ಲಿ. ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ, ರೋಮ್‌ನಲ್ಲಿದ್ದುಕೊಂಡು, ತನ್ನ ಜನರನ್ನು ಹೀಗಳೆಯುತ್ತಿದ್ದವರಿಗೆ ಅವನು ಒಂದು ಪುಸ್ತಕದ ಮೂಲಕ ಉತ್ತರ ಕೊಟ್ಟ. ಗ್ರೀಕರಿಗೆ ಯೆಹೂದಿಗಳ ಪರಿಚಯ ಹಿಂದಿನಿಂದಲೂ ಇತ್ತು, ಗೌರವವೂ ಇತ್ತು ಎಂದು ತೋರಿಸುವುದು ಅವನ ಉದ್ದೇಶ. ಅದಕ್ಕಾಗಿ ಅರಿಸ್ಟಾಟಲನ ಶಿಷ್ಯ, ಸೋಲಿ ಊರಿನ ಕ್ಲಿಯಾರ್ಕಸ್ ಬರೆದ ಪುಸ್ತಕದಿಂದ ಒಂದು ತುಣುಕನ್ನು ಎತ್ತಿಕೊಡುತ್ತಾನೆ. ಆ ತುಣುಕಿನಲ್ಲಿ ಅರಿಸ್ಟಾಟಲ್ ಒಂದು ಪಾತ್ರವಾಗಿ ಬಂದು, ಏಷ್ಯಾ ಮೈನರ್‌ನಲ್ಲಿ ತಾನು ಕಂಡ ಒಬ್ಬ ಯೆಹೂದಿಯ ಬಗ್ಗೆ ಮಾತಾಡುತ್ತಾನೆ. ಅಂದರೆ ಗುರುವಿನ ಬಾಯಲ್ಲಿ ಶಿಷ್ಯ ಹೇಳಿಸಿದ ಮಾತು, ಸುಮಾರು ನಾಲ್ಕು ಶತಮಾನದ ನಂತರ ಇನ್ನೊಬ್ಬ ಉದ್ಧರಿಸಿದ್ದು.

ಇನ್ನು ಆ ಮಾತಿನ ಒಳಗೇನಿದೆ ನೋಡಿ. ತತ್ತ್ವಜ್ಞಾನಿಗಳನ್ನು ಭಾರತದಲ್ಲಿ ‘ಕಲಾನೋಯ್’ ಎನ್ನುತ್ತಾರೆ, ಸಿರಿಯಾದಲ್ಲಿ ‘ಯೆಹೂದಿಗಳು’ ಎನ್ನುತ್ತಾರೆ ಎಂದಿದೆ. ನಮ್ಮಲ್ಲಿ ಕಲಾನೋಯ್ ಎಂಬ ಪಂಗಡ ಎಲ್ಲಿತ್ತು? ಅಲೆಕ್ಸಾಂಡರನ ಹಿಂದೆ ತಕ್ಷಶಿಲೆಯಿಂದ ಹೋಗಿ, ಪರ್ಷಿಯಾದಲ್ಲಿ ಬದುಕಿರುವಾಗಲೇ ಚಿತೆಯೇರಿದ ಕಲಾನೋಸ್ ಎಂಬ ಒಬ್ಬ ಸಂನ್ಯಾಸಿ ಇದ್ದ. ಅದೂ ಅವನ ನಿಜವಾದ ಹೆಸರಲ್ಲ. ಎದುರು ಸಿಕ್ಕವರಿಗೆ ‘ಕಲೆ’ ಎಂಬ ಭಾರತದ ಮಾತಿನಿಂದ ವಂದಿಸುತ್ತಿದ್ದುದರಿಂದ ಗ್ರೀಕರು ಹಾಗೆ ಕರೆದರು ಎಂದು ಗ್ರೀಕ್ ಬರಹಗಾರ ಪ್ಲುಟಾರ್ಕ್ ಬರೆದಿದ್ದಾನೆ. ಬಹುಶಃ ಆ ಒಬ್ಬನ ಅಡ್ಡಹೆಸರೇ ಕ್ಲಿಯಾರ್ಕಸ್‌ನ ಕೈಯಲ್ಲಿ ಇಡೀ ಕುಲದ ಹೆಸರಾಯಿತು. ಇದರಿಂದ ಯೆಹೂದಿಗಳ ಮೂಲ ತಿಳಿಯುವುದಿಲ್ಲ. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಗ್ರೀಕರು ಪೂರ್ವದ ಜ್ಞಾನಿಗಳನ್ನು ಯಾವ ಬೆರಗಿನಿಂದ ನೋಡುತ್ತಿದ್ದರು, ಪರಿಚಯವಿಲ್ಲದ ಎರಡು ಜನಾಂಗಗಳನ್ನು ಹೇಗೆ ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದರು ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಅದು ನಿಮ್ಮ ಇಡೀ ಪ್ರಬಂಧಕ್ಕಿಂತ ರೋಚಕವಾದ ಸಂಗತಿ. ನೀವು ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗಿದ್ದೀರಿ.

ಯೆಹೂದಿಗಳ ಮೂಲಪುರುಷ ಅಬ್ರಹಾಮ ಮತ್ತು ಬ್ರಹ್ಮ, ಅವನ ಹೆಂಡತಿ ಸಾರಾ ಮತ್ತು ಸರಸ್ವತಿ, ಯೆಹೂದ ಮತ್ತು ಯದು ಒಂದೇ ಎನ್ನುವ ಭಾಗವನ್ನು ಪೂರ್ತಿ ತೆಗೆದುಹಾಕಿ. ಬೈಬಲಿನಲ್ಲೇ ಅಬ್ರಹಾಮನ ಮೊದಲ ಹೆಸರು ಅಬ್ರಾಮ, ಸಾರಾಳದು ಸಾರಾಯಿ. ಅಬ್ರಾಮದ ‘ಅಬ್’ ಎಂದರೆ ಹೀಬ್ರೂವಿನಲ್ಲಿ ತಂದೆ. ಸರಸ್ವತಿಯ ‘ಸರಸ್’ ನಮ್ಮ ಸರೋವರದ್ದು. ಎರಡು ಬೇರೆ ಬೇರೆ ಭಾಷಾಕುಟುಂಬಗಳಲ್ಲಿ ನಾಲ್ಕು ಅಕ್ಷರ ಒಂದೇ ಥರ ಕೇಳಿಸಿದರೆ ರಕ್ತಸಂಬಂಧ ಸಿದ್ಧವಾಗುವುದಿಲ್ಲ.

‘ಈ ಸತ್ಯ ನಮ್ಮ ಪೂರ್ವಜರಿಗೆ ಗೊತ್ತಿತ್ತು, ಪಾಶ್ಚಾತ್ಯರು ಮುಚ್ಚಿಟ್ಟರು’ ಎಂಬ ನಿಮ್ಮ ವಾಕ್ಯ ನನ್ನನ್ನು ಹೆಚ್ಚು ಕಾಡಿತು. ಆದದ್ದು ಇದಕ್ಕೆ ತೀರಾ ವಿರುದ್ಧ. ಅಬ್ರಹಾಮ-ಬ್ರಹ್ಮ ಜೋಡಿಯನ್ನು ಮೆರೆಸಿದವರಲ್ಲಿ ಮುಖ್ಯನಾದವನು 18ನೇ ಶತಮಾನದ ಫ್ರಾನ್ಸಿನ ಬರಹಗಾರ ವಾಲ್ಟೇರ್. ಅವನಿಗೆ ಚರ್ಚಿನ ಮೇಲೆ ಜಗಳವಿತ್ತು; ಬೈಬಲ್‌ಗಿಂತ ಹಳೆಯ ಜ್ಞಾನ ಗಂಗೆಯ ದಡದಲ್ಲಿತ್ತು ಎಂದು ತೋರಿಸಿದರೆ ಆ ಜಗಳಕ್ಕೆ ಅನುಕೂಲ. ಅವನು ನೆಚ್ಚಿಕೊಂಡ ‘ಎಜುರ್‌ವೇದಂ’ ವೇದವೇ ಅಲ್ಲ, ಮಿಷನರಿಗಳ ಕಡೆಯಿಂದ ಹುಟ್ಟಿದ ಫ್ರೆಂಚ್ ಬರಹ ಎಂದು 1782ರಲ್ಲಿ ಫ್ರೆಂಚ್ ಪ್ರವಾಸಿ ಸೊನೆರಾ ಬಯಲು ಮಾಡಿದ. ಬಂಗಾಳದ ಫ್ರೆಂಚ್ ವಸಾಹತು ಚಂದ್ರನಗರದಲ್ಲಿ ನ್ಯಾಯಾಧೀಶನಾಗಿದ್ದ ಜಾಕೊಲಿಯೋ ಎಂಬ ಫ್ರೆಂಚನು 1869ರಲ್ಲಿ ಇದೇ ಬಗೆಯ ವಾದವನ್ನು ದೊಡ್ಡ ಪುಸ್ತಕವಾಗಿಸಿದ. ಯೂರೋಪಿನವರು ತಮ್ಮತಮ್ಮಲ್ಲಿ ಕಾದಾಡಲು ಮಾಡಿಕೊಂಡ ಆಯುಧವನ್ನು ನಾವು ಪರಂಪರೆಯ ಆಸ್ತಿ ಎಂದು ಎದೆಗಪ್ಪಿಕೊಳ್ಳುವುದು ನನಗೆ ನೋವಿನ ಸಂಗತಿ. ಇನ್ನೊಂದು ಮಾತು: ತಮ್ಮ ಮೂಲದ ಕಥೆಯನ್ನು ಎರಡು ಸಾವಿರ ವರ್ಷ ಅಲೆದಾಟದಲ್ಲೂ ಕಾಪಾಡಿಕೊಂಡ ಜನರಿಗೆ ‘ನೀವು ಅಸಲಿಗೆ ನಮ್ಮವರು’ ಎನ್ನುವಾಗ, ಅವರಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇವೆ ಎಂದು ಯೋಚಿಸಬೇಕು.

ಅಗೆತದ ಮಣ್ಣು ಹೇಳುವುದನ್ನು ನೀವು ಮುಟ್ಟಿಯೇ ಇಲ್ಲ. ಇಸ್ರೇಲ್ ಎಂಬ ಹೆಸರು ಬೈಬಲಿನ ಹೊರಗೆ ಮೊದಲು ಸಿಗುವುದು ಈಜಿಪ್ಟಿನ ದೊರೆ ಮೆರ್‌ನೆಪ್ತಾನ ಶಾಸನದಲ್ಲಿ, ಸುಮಾರು ಕ್ರಿ.ಪೂ. 1208ರಲ್ಲಿ. ಹೀಬ್ರೂ ಕಾನಾನ್, ಅಂದರೆ ಇಂದಿನ ಇಸ್ರೇಲ್-ಪ್ಯಾಲೆಸ್ತೀನ್ ಸುತ್ತಲಿನ ಪ್ರದೇಶದ ಭಾಷೆಗಳಲ್ಲೊಂದು. ಸಿರಿಯಾದ ಕಡಲತೀರದ ಉಗಾರಿಟ್‌ನಲ್ಲಿ 1929ರಿಂದ ಸಿಕ್ಕ ಜೇಡಿಮಣ್ಣಿನ ಫಲಕಗಳಲ್ಲಿ ಬೈಬಲಿನಲ್ಲೂ ಹೆಸರಿರುವ ಏಲ್, ಬಾಳ್, ಅಶೇರಾ ಎಂಬ ದೇವತೆಗಳು ಬರುತ್ತಾರೆ. ಬೈಬಲಿನ ಭಾಷೆಗೂ ಕಾವ್ಯಕ್ಕೂ ನೆರೆಮನೆಯ ನಂಟು ಅಲ್ಲೇ ಇದೆ.

ಪೂರ್ವವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಜೆರುಸಲೇಮಿನಲ್ಲಿ ನಿಂತವನಿಗೆ ಪೂರ್ವ ಎಂದರೆ ಮೊದಲು ಬಾಬಿಲೋನ್, ಆಮೇಲೆ ಪರ್ಷಿಯಾ. ಬೈಬಲ್ ಅಬ್ರಹಾಮನನ್ನು ಹೊರಡಿಸುವುದೇ ಬಾಬಿಲೋನ್ ಸೀಮೆಯ ಊರ್ ಎಂಬ ಪಟ್ಟಣದಿಂದ. ನೋಹನ ಪ್ರಳಯವನ್ನು ಮನುವಿನ ಮೀನಿಗೆ ಜೋಡಿಸುವ ಮುನ್ನ, 1872ರಲ್ಲಿ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸ ಓದಿದ, ಬಾಬಿಲೋನ್ ಕಡೆಯ ಗಿಲ್ಗಮೆಶ್ ಕಾವ್ಯದ ಪ್ರಳಯದ ಫಲಕವನ್ನು ನೋಡಿ. ಹಕ್ಕಿಗಳನ್ನು ಹಾರಿಬಿಟ್ಟು ನೆಲ ಹುಡುಕುವುದೂ ಅಲ್ಲಿದೆ. ಕ್ರಿ.ಪೂ. 539ರಲ್ಲಿ ಬಾಬಿಲೋನ್ ಗೆದ್ದ ಪರ್ಷಿಯಾದ ಸೈರಸ್‌ನನ್ನು ಯೆಶಾಯನ ಗ್ರಂಥ ದೇವರ ‘ಅಭಿಷಿಕ್ತ’ ಎಂದೇ ಕರೆಯುತ್ತದೆ. ದೇವದೂತರ ಶ್ರೇಣಿ, ಸತ್ತವರ ಪುನರುತ್ಥಾನ ಇವುಗಳಲ್ಲಿ ಪರ್ಷಿಯಾದ ಹಳೆಯ ಜರತುಷ್ಟ್ರ ಧರ್ಮದ ಪ್ರಭಾವ ಎಷ್ಟು ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಭಾರತದ ಸರಕಿನ ಗುರುತೂ ಬೈಬಲಿನಲ್ಲಿದೆ: ಎಸ್ತೇರಳ ಗ್ರಂಥದ ‘ಕರ್ಪಸ್’ ನಮ್ಮ ಕಾರ್ಪಾಸ, ಹತ್ತಿ. ಆದರೆ ಹತ್ತಿ ಬಂದ ದಾರಿಯಲ್ಲಿ ಧರ್ಮವೂ ಬಂತು ಎನ್ನಲು ಬೇರೆಯೇ ಪುರಾವೆ ಬೇಕು.

ನಿಮ್ಮ ಕೊನೆಯ ಪುಟದಲ್ಲಿ ಮಂಗಳೂರಿನ ಯೆಹೂದಿ ವ್ಯಾಪಾರಿಯ ಬಗ್ಗೆ ಎರಡು ಸಾಲು ಇದೆ. ನನಗೆ ಬೇಕಾದ ಲೇಖನ ಅದು. ಟ್ಯುನೀಷಿಯಾದ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಅಡಿಕೆ, ಕಬ್ಬಿಣ ಯೆಮೆನ್‌ನ ಬಂದರು ಏಡನ್‌ಗೆ ಹೋಗುತ್ತಿದ್ದವು. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಆಶು ಎಂಬ ಇಲ್ಲಿನ ದಾಸಿಗೆ ಅವನು 1132ರಲ್ಲಿ ಮಂಗಳೂರಿನಲ್ಲೇ ಬಿಡುಗಡೆ ಪತ್ರ ಬರೆದುಕೊಟ್ಟ. ಅವನ ವ್ಯವಹಾರಕ್ಕಾಗಿ ಏಡನ್‌ವರೆಗೂ ಹೋಗಿಬಂದ ಆಳಿನ ಹೆಸರನ್ನು ‘ಬೊಮ್ಮ’ ಎಂದು ಓದಲಾಗಿದೆ. ಇದನ್ನೆಲ್ಲ ತಿಳಿಸುವ ಪತ್ರಗಳು ಕೈರೋದ ಸಿನಗಾಗಿನ (ಯೆಹೂದಿ ಪ್ರಾರ್ಥನಾ ಮಂದಿರದ) ಗೆನಿಜಾ, ಅಂದರೆ ಹಳೆಯ ಬರಹಗಳನ್ನು ಹಾಕಿಡುವ ಕೋಣೆಯಲ್ಲಿ ಉಳಿದುಕೊಂಡವು.

ಇದನ್ನೇ 1,500 ಪದಗಳಲ್ಲಿ ಬರೆದು ಕಳಿಸಿ. ‘ಸಂಶಯವೇ ಇಲ್ಲ’, ‘ವಿಜ್ಞಾನಿಗಳು ಒಪ್ಪಿದ್ದಾರೆ’ ಎಂಬಂಥ ಮಾತುಗಳು ಬೇಡ. ಯಾರು, ಯಾವಾಗ ಎಂದು ಹೇಳಿ. ಪತ್ರಗಳಲ್ಲಿ ಇಲ್ಲದ ಪ್ರೇಮಕಥೆಯನ್ನು ಆಶುವಿಗೆ ಕಟ್ಟಬೇಡಿ. ಪ್ರತಿ ಸಂಗತಿ ಎಲ್ಲಿಂದ ಬಂತೆಂದು ಹಸ್ತಪ್ರತಿಯ ಅಂಚಿನಲ್ಲಿ ಗುರುತು ಹಾಕಿರಿ. ಅದು ಅಚ್ಚಿಗಲ್ಲ, ನಾನು ತಾಳೆ ನೋಡುವುದಕ್ಕೆ. ಕ್ಲಿಯಾರ್ಕಸ್‌ನ ಕಥೆಯನ್ನು ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ, ಅದನ್ನೂ ನನಗೇ ಮೊದಲು ಕಳಿಸಿ.

ವಿಶ್ವಾಸದಿಂದ,
ಸಂಪಾದಕ